ಬೆರಳಿಗೆ ಕಾಣುವ ಪಟ

ಆ ಬೀದಿಯವರಿಗೆಲ್ಲ ಅವಳು ಟೈಲರಮ್ಮ, ಅವಳ ಗಂಡ 'ಗದ್ದ ಮೇಲೆ'. ಬೀದಿಯ ತಿರುವಿನಲ್ಲಿದ್ದ ಸ್ಟುಡಿಯೋದಲ್ಲಿ ಆಯುಸ್ಸೆಲ್ಲ ಫೋಟೋ ತೆಗೆದ ಮನುಷ್ಯ ಅವನು. ಎದುರಿಗೆ ಕೂತವರು ಮದುಮಗಳೇ ಆಗಿರಲಿ, ಪೊಲೀಸಿನವನೇ ಆಗಿರಲಿ, "ಗದ್ದ ಸ್ವಲ್ಪ ಮೇಲೆ" ಎನ್ನದೆ ಒಂದು ಸಲವೂ ಗುಂಡಿ ಒತ್ತಿದವನಲ್ಲ. ಕೊನೆಗೆ ಅದೇ ಅವನ ಹೆಸರಾಗಿ ನಿಂತುಬಿಟ್ಟಿತು. ಮದುವೆಯಾದ ಹೊಸತರಲ್ಲಿ ಅದನ್ನು ಕೇಳಿದರೆ ಅವಳಿಗೆ ಮೈ ಉರಿಯುತ್ತಿತ್ತು. ಆಮೇಲಾಮೇಲೆ ಜಗಳವಾದಾಗ ತಾನೇ "ಹೌದು ಬಿಡಿ, ನಿಮ್ಮ ಗದ್ದ ಯಾವಾಗ್ಲೂ ಮೇಲೇನೇ" ಎಂದು ಚುಚ್ಚುವುದನ್ನು ಕಲಿತಳು.

ಮನೆ ಎಂದರೆ ಎರಡು ಕೋಣೆ, ಅವುಗಳ ಹಿಂದೊಂದು ಅಡುಗೆಮನೆ. ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡು ಅವಳ ಹೊಲಿಗೆ ಯಂತ್ರ, ಅದರ ಪಕ್ಕದಲ್ಲಿ ಇಸ್ತ್ರಿ ಮೇಜು, ಗೋಡೆಗುಂಟ ಹೆಸರು ಚೀಟಿ ಸಿಕ್ಕಿಸಿದ ಬಟ್ಟೆಯ ಗಂಟುಗಳು. ಹೊಸ ಬಟ್ಟೆ ಹೊಲಿಸುವವರು ಈಗ ಯಾರೂ ಇರಲಿಲ್ಲ. ಪ್ಯಾಂಟಿನ ಉದ್ದ ಕತ್ತರಿಸು, ಸೊಂಟ ಬಿಡಿಸು, ಜಿಪ್ ಬದಲಾಯಿಸು, ಅಷ್ಟೇ ಬರುತ್ತಿದ್ದ ಕೆಲಸ. "ಈ ಬೀದೀಲಿ ಯಾರು ದಪ್ಪ ಆದ್ರು, ಯಾರು ಇಳಿದ್ರು ಅನ್ನೋ ಗುಟ್ಟೆಲ್ಲ ನನ್ನ ಹತ್ರ ಇದೆ" ಎಂದು ನಗುತ್ತಿದ್ದಳು. ಮಕ್ಕಳಿರಲಿಲ್ಲ. ಎರಡು ಮನೆ ಆಚೆಗೆ ಗಂಡನ ಅಕ್ಕ ಇದ್ದರು. ಬಾಯಿ ಜೋರು, ಮನಸ್ಸು ಮೆತ್ತಗೆ. ದಿನಕ್ಕೊಮ್ಮೆ ಬಂದು ತಮ್ಮನನ್ನು ಬೈದು ಹೋಗದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಗಂಡನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾಗಿದ್ದವು. ಅದನ್ನು ಅವನು ದೂರದ ನೆಂಟನ ಹಾಗೆ ನೋಡಿಕೊಂಡಿದ್ದ. ಬಂದರೆ ಬಂದ, ಹೋದರೆ ಹೋದ ಎಂಬಂತೆ. ಆ ನೆಂಟ ಕಣ್ಣಿನೊಳಗೆ ಮನೆ ಮಾಡಿದ್ದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಮೊದಲು ಕಣ್ಣ ಮುಂದೆ ಕೂದಲೆಳೆ ತೇಲಿದಂತಾಯಿತು. ಆಮೇಲೆ ಮಸಿ ಚೆಲ್ಲಿದಂತಾಯಿತು. ಲೇಸರು ಹಾಯಿಸಿದರು, ಕಣ್ಣಿಗೇ ಇಂಜೆಕ್ಷನ್ ಕೊಟ್ಟರು. "ಇರೋದನ್ನ ಉಳಿಸಿಕೊಳ್ಳೋಣ" ಎಂದರು ಡಾಕ್ಟರು. ಇರೋದೂ ಉಳಿಯಲಿಲ್ಲ. ಸ್ಟುಡಿಯೋದ ಬಾಗಿಲು ಮುಚ್ಚಿತು. ಅಲ್ಲೀಗ ಮೊಬೈಲಿನ ಗಾಜು ಬದಲಾಯಿಸುತ್ತಾರೆ.

"ಜೀವಮಾನವೆಲ್ಲ ಕತ್ತಲೆಕೋಣೇಲಿ ದುಡಿದೋನು ನಾನು. ಅಭ್ಯಾಸ ಇದೆ ಬಿಡು" ಎನ್ನುತ್ತಿದ್ದ ಅವನು. ಅವಳು ನಕ್ಕಂತೆ ಮಾಡಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತು ಬರುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಬಟ್ಟೆ ಕೊಟ್ಟು ಮನೆಗೆ ಬಂದಾಗ ಅವನು ನೆಲದ ಮೇಲೆ ಕೂತಿದ್ದ. ಗೋಡೆಯಲ್ಲಿದ್ದ ಅವನ ತಾಯಿಯ ಫೋಟೋ ಕೆಳಗಿಳಿದಿತ್ತು. ಕಟ್ಟು ಬಿಚ್ಚಿ, ಗಾಜು ಪಕ್ಕಕ್ಕಿಟ್ಟು, ನುಣುಪು ಕಾಗದದ ಮೇಲೆ ಅಂಗೈ ಆಡಿಸುತ್ತಿದ್ದ.

"ಏನ್ರೀ ಇದು? ಗಾಜು ಚುಚ್ಚಿದ್ರೆ?"

"ಅಮ್ಮನ ಮುಖ ಬರ್ತಾ ಇಲ್ಲ ಕಣೇ."

"ಅಂದ್ರೆ?"

"ಮನಸ್ಸಿಗೆ ಬರ್ತಾ ಇಲ್ಲ. ಮೊದಲೆಲ್ಲ ನೆನೆಸ್ಕೊಂಡ ತಕ್ಷಣ ಬರ್ತಿತ್ತು. ಈಗ ಶಾಲು ಬರತ್ತೆ, ಹಿಂದಿನ ಪರದೆ ಬರತ್ತೆ, ಮುಖದ ಜಾಗದಲ್ಲಿ ಖಾಲಿ." ಕಾಗದವನ್ನು ಪಕ್ಕಕ್ಕಿಟ್ಟು ಹೇಳಿದ, "ನಿನ್ನ ಮುಖ ಮರೆತ್ರೆ ತಡವಿ ನೋಡ್ಕೋಬಹುದು. ಅವಳದ್ದಕ್ಕೆ ಏನು ಮಾಡ್ಲಿ?"

ಅತ್ತೆಯನ್ನು ಅವಳು ಕಂಡವಳೇ ಅಲ್ಲ. ಅವಳು ಈ ಮನೆಗೆ ಕಾಲಿಡುವ ಮೊದಲೇ ತೀರಿಕೊಂಡಿದ್ದರು. ಗಂಡ ಫೋಟೋ ಕೆಲಸ ಕಲಿಯಲು ಸೇರಿದ ಹೊಸತರಲ್ಲಿ ಸ್ಟುಡಿಯೋ ಯಜಮಾನರ ಮರದ ದೊಡ್ಡ ಕ್ಯಾಮೆರಾದಲ್ಲಿ ತೆಗೆದ ಮೊದಲ ಪಟ ಅದು. ತಲೆ ಮೇಲಿಂದ ಕಪ್ಪು ಶಾಲು ಹೊದ್ದ ಹೆಂಗಸು, ಸ್ವಲ್ಪ ಪಕ್ಕಕ್ಕೆ ತಿರುಗಿದ ಮುಖ, ಎಡಗೆನ್ನೆಯಲ್ಲೊಂದು ಮಚ್ಚೆ. ತಾಯಿಗೂ ಅವನು "ಗದ್ದ ಮೇಲೆ" ಎಂದಿದ್ದನಂತೆ. "ನಿಮ್ಮಪ್ಪನ ಮುಂದೇನೇ ಎತ್ತದ ಗದ್ದ, ನಿನ್ನ ಡಬ್ಬಿ ಮುಂದೆ ಎತ್ತಬೇಕಾ?" ಎಂದಿದ್ದರಂತೆ ಅವರು.

ಆ ಸಂಜೆ ಅವನೇ ಮಾತಿಗೆ ಮಾತು ಬಂದು ಒಂದು ವಿಷಯ ಹೇಳಿದ. ಯಜಮಾನರ ಸ್ಟುಡಿಯೋದಲ್ಲಿ ಯಾರೋ ದೊಡ್ಡ ಮನುಷ್ಯನ ಹಳೇ ಪಟವೊಂದಿತ್ತು. ಕಾರ್ಬನ್ ಪ್ರಿಂಟ್ ಎನ್ನುತ್ತಿದ್ದರು. ಅದರಲ್ಲಿ ಕಪ್ಪು ಕೋಟು ಕಾಗದದಿಂದ ಉಬ್ಬಿಕೊಂಡಿತ್ತು, ಬಿಳಿ ಅಂಗಿ ತಗ್ಗಾಗಿತ್ತು. ಬೆರಳು ಆಡಿಸಿದರೆ ಕೋಟು ಎಲ್ಲಿ ಮುಗಿಯಿತು, ಅಂಗಿ ಎಲ್ಲಿ ಶುರುವಾಯಿತು ಎಂದು ಕಣ್ಣು ಮುಚ್ಚಿ ಹೇಳಬಹುದಿತ್ತು. "ಈಗ ಅದನ್ನ ಯಾರು ಮಾಡ್ತಾರೆ? ಅಚ್ಚುಮನೆಯ ಬ್ಲಾಕ್ ಮೇಷ್ಟ್ರಿಗೆ ಬರ್ತಿತ್ತು. ಅವರು ಬದುಕಿದಾರೋ ಇಲ್ವೋ" ಎಂದು ಅಲ್ಲಿಗೇ ಬಿಟ್ಟ.

ಅವಳು ಬಿಡಲಿಲ್ಲ. ಜಿಪ್ ಬದಲಾಯಿಸಲು ಬಂದವರನ್ನೆಲ್ಲ ವಿಚಾರಿಸಿ, ರೈಲ್ವೆ ಗೇಟಿನ ಆಚೆ, ಮುಚ್ಚಿಹೋದ ಅಚ್ಚುಮನೆಯ ಹಿಂದಿನ ಸಾಲುಮನೆಗಳಲ್ಲಿ ಕೊನೆಯದನ್ನು ಪತ್ತೆ ಮಾಡಿದಳು. ಮೇಷ್ಟ್ರು ಎಂದು ಹೆಸರಷ್ಟೇ. ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಫೋಟೋಗಳನ್ನು ಲೋಹದ ಅಚ್ಚಿಗೆ, ಅಂದರೆ ಬ್ಲಾಕಿಗೆ, ಇಳಿಸುವುದು ಅವರ ಕೆಲಸವಾಗಿತ್ತು. ಆ ಕೆಲಸವೇ ಲೋಕದಿಂದ ಎದ್ದುಹೋದ ಮೇಲೆ, ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಹಳೇ ಕಾಲದ ಪಟಗಳನ್ನು ಮಾಡುತ್ತ ಕೂತಿದ್ದರು. ಕೊಳ್ಳುವವರಿಲ್ಲ, ಕೇಳುವವರಿಲ್ಲ. ಬಾಗಿಲಲ್ಲಿ ನಿಂತ ಹೆಂಗಸನ್ನು ಕನ್ನಡಕದ ಮೇಲಿಂದ ನೋಡಿದರು.

"ಫೋಟೋಗ್ರಾಫರಾ?"

"ಅಲ್ಲ ಮೇಷ್ಟ್ರೇ, ಟೈಲರು."

"ಹಾಗಾದ್ರೆ ಕಷ್ಟ. ಕತ್ತರಿ ತಪ್ಪಿದ್ರೆ ಬಟ್ಟೆ ಹೋಯ್ತು ಅನ್ನೋ ಭಯ ಇರತ್ತೆ ನಿಮಗೆ. ಇದು ಹಾಳು ಮಾಡಿ ಮಾಡಿ ಬರೋ ವಿದ್ಯೆ ತಾಯಿ. ಹಾಳು ಮಾಡೋಕೆ ತಯಾರಿದೀರಾ?"

ಅವಳು ಚೀಲದಿಂದ ಅತ್ತೆಯ ನೆಗೆಟಿವ್ ತೆಗೆದು ಕೊಟ್ಟಳು. ಸ್ಟುಡಿಯೋ ಖಾಲಿ ಮಾಡಿದಾಗ ಗಂಡ ಮನೆಗೆ ತಂದಿಟ್ಟುಕೊಂಡಿದ್ದ ಒಂದೇ ನೆಗೆಟಿವ್ ಅದು, ಅಂಗೈಗಿಂತ ದೊಡ್ಡ ಫಿಲ್ಮು. ಮೇಷ್ಟ್ರು ಕಿಟಕಿಗೆ ಹಿಡಿದು ನೋಡಿದರು. ಯಾಕೆ ಬೇಕು ಎಂದು ಕೇಳಿದರು. ಅವಳು ಹೇಳಿದಳು. ಅವರು ನೆಗೆಟಿವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. ಆಮೇಲೆ, "ವಾರಕ್ಕೊಂದು ದಿನ ಬನ್ನಿ. ಒಳ್ಳೆ ಬಟ್ಟೆ ಹಾಕ್ಕೊಂಡು ಬರಬೇಡಿ" ಎಂದರು.

ಕೆಲಸ ಕೇಳಲು ಸುಲಭ. ಜೆಲಟಿನ್ ಎಂಬ ಅಂಟನ್ನು ನೀರಿನಲ್ಲಿ ನೆನೆಸಿ, ಬಿಸಿ ಮಾಡಿ ಕರಗಿಸಿ, ಸ್ವಲ್ಪ ಸಕ್ಕರೆ, ಸ್ವಲ್ಪ ಕರಿ ಬಣ್ಣ ಸೇರಿಸಿ ಕಾಗದದ ಮೇಲೆ ಸುರಿಯಬೇಕು. ಅದು ಹೆಪ್ಪುಗಟ್ಟಿ, ಒಣಗಿ, ಹೊಳೆಯುವ ಕರಿಹಾಳೆಯಾಗುತ್ತದೆ. ಮೇಲೆ ಡೈಕ್ರೋಮೇಟ್ ಎಂಬ ಕಿತ್ತಳೆ ಬಣ್ಣದ ದ್ರಾವಣ ಬಳಿದರೆ ಅದಕ್ಕೆ ಬೆಳಕಿನ ಅರಿವು ಬರುತ್ತದೆ. ಕತ್ತಲಲ್ಲಿ ಒಣಗಿಸಿ, ನೆಗೆಟಿವಿನ ಅಡಿಯಲ್ಲಿಟ್ಟು, ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗಿಡಬೇಕು. "ಬೆಳಕು ತಾಗಿದ ಕಡೆ ಅಂಟು ಗಟ್ಟಿಯಾಗತ್ತೆ, ತಾಗದ ಕಡೆ ಬಿಸಿನೀರಲ್ಲಿ ಕರಗಿ ಹೋಗತ್ತೆ. ಇಷ್ಟೇ ವಿದ್ಯೆ" ಎಂದರು ಮೇಷ್ಟ್ರು. "ಉಳಿದಿದ್ದೆಲ್ಲ ತಾಪತ್ರಯ." ಆ ಕಿತ್ತಳೆ ನೀರು ವಿಷ ಎಂದು ಕೈಗವಸು ಹಾಕಿಸಿದರು. ಅವರ ಕೈಗಳೇ ಅದಕ್ಕೆ ಸಾಕ್ಷಿಯಾಗಿದ್ದವು, ಒಡೆದ ಚರ್ಮ, ಹಳದಿಗಟ್ಟಿದ ಉಗುರು.

ಗಂಡನಿಗೆ ಅವಳು ಹೇಳಿರಲಿಲ್ಲ. ಆಸೆ ಹುಟ್ಟಿಸಿ ಆಮೇಲೆ ಕೈಚೆಲ್ಲಿ ಕೂತರೆ ಏನು ಗತಿ ಎಂಬ ಅಳುಕು. ಬಟ್ಟೆ ಕೊಟ್ಟು ಬರ್ತೀನಿ ಎಂದು ಹೋಗುತ್ತಿದ್ದಳು. ಮೂರನೆಯ ಸಲವೋ ನಾಲ್ಕನೆಯ ಸಲವೋ ಮನೆಗೆ ಬಂದು ಚಹಾ ಲೋಟ ಕೈಗಿಟ್ಟಾಗ ಅವನು ಲೋಟ ಬಿಟ್ಟು ಅವಳ ಮಣಿಕಟ್ಟು ಹಿಡಿದ. ಮೂಗಿನ ಹತ್ತಿರ ಒಯ್ದು ಅಂಟಿನ ವಾಸನೆ ಮೂಸಿದ. ಅವನ ಮುಖವೆಲ್ಲ ಅರಳಿತು.

"ಬ್ಲಾಕ್ ಮೇಷ್ಟ್ರು ಬದುಕಿದಾರೆ ಅಂತಾಯ್ತು!"

ಅಂದಿನಿಂದ ಮುಚ್ಚುಮರೆ ಇಲ್ಲವಾಯಿತು. ಅವಳು ಮೇಷ್ಟ್ರ ಮನೆಯಿಂದ ಬರುವುದನ್ನೇ ಅವನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದ. ಏನಾಯಿತು, ಹೇಗಾಯಿತು, ನೀರು ಎಷ್ಟು ಬಿಸಿಯಿತ್ತು, ಬಿಸಿಲು ಹೇಗಿತ್ತು, ಒಂದೂ ಬಿಡದೆ ಕೇಳುತ್ತಿದ್ದ. "ಗುಳ್ಳೆ ಬಂತಾ? ಹಾಗಾದ್ರೆ ಸುರಿಯೋ ಮುಂಚೆ ಇನ್ನೂ ಸ್ವಲ್ಪ ಹೊತ್ತು ಬಿಡಬೇಕಿತ್ತು" ಎಂದು ಕೂತಲ್ಲೇ ಕೆಲಸ ಮಾಡುತ್ತಿದ್ದ. ಕಣ್ಣು ಹೋದ ಮೇಲೆ ಅವನ ದನಿಯಲ್ಲಿ ಇಂಥ ಹುರುಪು ಅವಳು ಕೇಳಿರಲಿಲ್ಲ.

ಕೆಲಸ ಮಾತ್ರ ಅವಳ ಕೈಗೆ ಹತ್ತಲಿಲ್ಲ. ಸೆಕೆಯ ದಿನ ಕರಿಹಾಳೆ ಒಣಗುವ ಮುಂಚೆ ಕರಗಿ ಕೆಸರಾಯಿತು. ಮೋಡದ ದಿನ ಬೆಳಕು ಸಾಲದೆ ಮುಖವೆಲ್ಲ ತೊಳೆದುಹೋಯಿತು. ಬಿಸಿಲಿಗೆ ಹೆಚ್ಚು ಹೊತ್ತು ಇಟ್ಟರೆ ಮುಖವೂ ಶಾಲೂ ಒಂದೇ ಕಪ್ಪು. ಬಿಸಿಲು ಕಂಡ ಹಾಳೆಯನ್ನು ತಣ್ಣೀರಲ್ಲಿ ನೆನೆಸಿ, ಬಿಳಿ ಕಾಗದಕ್ಕೆ ಮುಖ ಕೆಳಗಾಗಿ ಒತ್ತಿ, ರಬ್ಬರು ಪಟ್ಟಿಯಿಂದ ಉಜ್ಜಿ, ಭಾರ ಹೇರಿ, ಆಮೇಲೆ ಬಿಸಿನೀರಲ್ಲಿ ಮುಳುಗಿಸಬೇಕು. ಅಂಚುಗಳಿಂದ ಕಪ್ಪು ಒಸರತೊಡಗಿದಾಗ ಹಿಂದಿನ ಕಾಗದವನ್ನು ಮೆಲ್ಲಗೆ ಎಳೆದು ತೆಗೆಯಬೇಕು. ಹಾಗೆ ತೆಗೆದ ಒಂದು ದಿನ, ಕರಿ ಲೋಳೆಯೊಳಗಿಂದ ಮೊದಲು ಹಣೆ, ಆಮೇಲೆ ಮೂಗಿನ ಒಂದು ಬದಿ, ಆಮೇಲೆ ಕಣ್ಣು ಮೂಡಿ ಬಂತು. ನೋಡುತ್ತಿದ್ದಂತೆ ಆ ಮುಖ ಕಾಗದದಿಂದ ಕಳಚಿ, ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ, ನೀರಿನಲ್ಲಿ ಅತ್ತ ಸರಿಯಿತು. ಹಿಡಿಯಲು ಹೋದರೆ ಬೆರಳ ಸಂದಿಯಲ್ಲಿ ಹರಿದುಹೋಯಿತು.

ಅವಳು ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು.

"ಅಳಬೇಡಿ ತಾಯಿ" ಎಂದರು ಮೇಷ್ಟ್ರು. "ನನ್ನ ಕೈಯಲ್ಲಿ ಎಷ್ಟು ದೊಡ್ಡೋರು ಹೀಗೆ ಚರಂಡಿ ಸೇರಿದಾರೆ ಗೊತ್ತಾ? ಮಂತ್ರಿಗಳೇ ಹೋಗಿದಾರೆ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಆದರೆ ಮನೆಗೆ ಹೋಗುವ ದಾರಿಯಲ್ಲಿ ರೈಲ್ವೆ ಗೇಟು ಮುಚ್ಚಿತ್ತು. ಗಾಡಿ ಹಾದುಹೋಗುವ ತನಕ ನಿಂತವಳಿಗೆ, ಇದು ತನ್ನಿಂದಾಗದ ಕೆಲಸ ಎಂದು ಮೊದಲ ಸಲ ಖಚಿತವಾಗಿ ಅನ್ನಿಸಿತು. ಆದರೂ ಮುಂದಿನ ವಾರ ಹೋದಳು. ಬಾಗಿಲಲ್ಲಿ ಕುರ್ಚಿ ಹಾಕಿ ಕಾಯುವವನಿಗೆ ಬೇರೆ ಏನು ತಂದು ಕೊಡುವುದು?

ಚಳಿಗಾಲ ಬಂದಾಗ ಅಂಟು ಹೇಳಿದ ಮಾತು ಕೇಳಲಾರಂಭಿಸಿತು. ಒಂದು ಪಟ ಪೂರ್ತಿ ಉಳಿಯಿತು. ಅದನ್ನು ಅತ್ತಿಗೆಗೆ ತೋರಿಸಿದಳು. ಅತ್ತಿಗೆ ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಚೆನ್ನಾಗಿದೆ ಕಣಮ್ಮ. ಆದ್ರೆ ಇದು ನಮ್ಮಮ್ಮ ಅಲ್ಲ. ನಮ್ಮಮ್ಮ ಕನ್ನಡಿ ನೋಡ್ಕೋತಿದ್ದಾಗ ಕನ್ನಡಿಯೊಳಗೆ ಇರ್ತಿದ್ದಳಲ್ಲ, ಅವಳು. ಮಚ್ಚೆ ನೋಡು, ಬಲಗೆನ್ನೆಗೆ ಹಾರಿದೆ."

ಮೇಷ್ಟ್ರು ಹಣೆ ಚಚ್ಚಿಕೊಂಡರು. ಅಂಟು ಒಂದು ಕಾಗದದಿಂದ ಇನ್ನೊಂದಕ್ಕೆ ಹೋಗುವಾಗ ಎಡ ಬಲ ಅದಲುಬದಲಾಗುತ್ತದೆ, ನೆಗೆಟಿವನ್ನು ಮಗುಚಿ ಇಡಬೇಕು ಎಂದು ಹೇಳುವುದನ್ನೇ ಅವರು ಮರೆತಿದ್ದರು. ಮತ್ತೆ ಮೊದಲಿನಿಂದ ಶುರು.

ಮಚ್ಚೆ ಸರಿಯಾದ ಕೆನ್ನೆಗೆ ಬಂದ ಮೇಲೂ ಒಂದು ಕೊರತೆ ಉಳಿಯಿತು. ನೀರಿನಲ್ಲಿದ್ದಾಗ ಶಾಲು ಕಾಗದದ ಮೇಲೆ ಎದ್ದು ನಿಲ್ಲುತ್ತಿತ್ತು. ಒಣಗಿದರೆ ಎಲ್ಲ ತಗ್ಗಿ ಚಾಪೆಯಾಗುತ್ತಿತ್ತು. ಅವಳ ಬೆರಳ ತುದಿಗಳು ಸೂಜಿ ತಿಂದು ತಿಂದು ಗಡಸಾಗಿದ್ದವು, ಅವನ್ನು ನಂಬುವಂತಿರಲಿಲ್ಲ. ಹಾಗಾಗಿ ಒಣಗಿದ ಪಟವನ್ನು ಕೆಳತುಟಿಗೆ ತಾಗಿಸಿ ಸವರಿ ನೋಡುತ್ತಿದ್ದಳು. ಏನೂ ಸಿಗುತ್ತಿರಲಿಲ್ಲ. ಮೇಷ್ಟ್ರು ಯೋಚಿಸಿ ಬಣ್ಣ ಕಡಿಮೆ ಮಾಡಿಸಿದರು, ಅಂಟು ಹೆಚ್ಚಿಸಿದರು, ದೋಸೆ ಹಿಟ್ಟಿನಷ್ಟು ದಪ್ಪಗೆ ಸುರಿಸಿದರು, ಬಿಸಿಲಿಗೆ ಹೆಚ್ಚು ಹೊತ್ತು ಇಡಿಸಿದರು. ಅದಕ್ಕೂ ಒಂದು ಬೇಸಿಗೆ ಹೋಯಿತು, ಒಂದು ಮಳೆಗಾಲ ಹೋಯಿತು.

ಕೊನೆಗೊಂದು ಬೆಳಿಗ್ಗೆ ಒಣಗಿದ ಪಟ ತುಟಿಗೆ ತಾಗಿಸಿದಾಗ, ಬಟ್ಟೆಯ ಮಡಿಕೆಗೆ ಹಾಕಿದ ಸಣ್ಣ ಹೊಲಿಗೆಯಂತೆ ಒಂದು ಗೆರೆ ತಾಕಿತು. ಶಾಲಿನ ಅಂಚು. ಅದರ ಗುಂಟ ಹೋದರೆ ಹಣೆಯ ಇಳಿಜಾರು, ಹುಬ್ಬಿನ ಏರು. ಅವಳು ಪಟವನ್ನು ಎದೆಗವಚಿಕೊಂಡು ಮನೆಗೆ ಓಡಿಬಂದಳು.

ಅವನು ಕೈ ತೊಳೆದು, ಒರೆಸಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತ. ಅವಳು ಪಟವನ್ನು ತೊಡೆಯ ಮೇಲಿಟ್ಟಳು. ಅವನು ಅದನ್ನು ಎತ್ತಿ ತಿರುಗಿಸಿ, ಸರಿಮಾಡಿಕೊಂಡವನ ಹಾಗೆ ಇಟ್ಟುಕೊಂಡ. ಬೆರಳುಗಳು ಕಾಗದದ ಮೇಲೆ ಹೊರಟವು.

"ಆಹಾ. ಇದು ಶಾಲು... ಇಲ್ಲಿ ಅಂಚು... ಇದು ಹಣೆ. ಇಲ್ಲಿ ಮೂಗು ನೋಡು." ಅವನ ಮುಖದಲ್ಲಿ ನಗು. "ಅಮ್ಮ ಕಣೇ. ಅಮ್ಮನೇ."

ಅವಳು ಕಣ್ಣೊರೆಸಿಕೊಂಡು ಪಟ ನೋಡಿದಳು. ಅದು ಅವನ ತೊಡೆಯ ಮೇಲೆ ತಲೆಕೆಳಗಾಗಿತ್ತು. ಹಣೆ ಎಂದು ಅವನು ಸವರುತ್ತಿದ್ದುದು ಭುಜ. ಮೂಗು ಎಂದ ಜಾಗದಲ್ಲಿ ಹಿಂದಿನ ಪರದೆಯ ಬರೀ ಬಿಳುಪು. ಎಲ್ಲಕ್ಕಿಂತ ಎತ್ತರವಾಗಿ ಎದ್ದಿದ್ದ ಶಾಲಿನ ಅಂಚಿನ ಮೇಲೆ ಅವನ ಬೆರಳು ನುಣ್ಣನೆ ಜಾರಿಹೋಯಿತು, ಅಲ್ಲಿ ಏನೂ ಇಲ್ಲವೇನೋ ಎಂಬಂತೆ.

"ಸಿಕ್ತಾ ರೀ?" ಎಂದಳು.

"ಸಿಕ್ತು ಕಣೇ."

ಪಟ ಇನ್ನೂ ಸಾಲದು, ತನ್ನ ಮನಸ್ಸು ನೋಯಬಾರದೆಂದು ಹೀಗೆ ಹೇಳುತ್ತಿದ್ದಾನೆ ಎಂದುಕೊಂಡಳು. ಮತ್ತೆ ಮೇಷ್ಟ್ರ ಹತ್ತಿರ ಹೋದಳು. ಇನ್ನೂ ದಪ್ಪಗೆ ಸುರಿದು ಇನ್ನೊಂದು ಮಾಡಿದಳು. ಈ ಸಲ ಮೊದಲು ಅತ್ತಿಗೆಯನ್ನು ಕೂರಿಸಿ, ಕಣ್ಣು ಮುಚ್ಚಿಸಿ, ಕೈಗೆ ಕೊಟ್ಟಳು. ಅತ್ತಿಗೆ ಬೆರಳಾಡಿಸುತ್ತ "ಏನಿದು, ಏನೋ ಬಟ್ಟೆ ಅಂಚಿನ ಥರ..." ಎಂದವರು ತಟಕ್ಕನೆ ನಿಂತರು. "ಅಯ್ಯೋ, ಅಮ್ಮನ ಶಾಲು!" ಕಣ್ಣು ಬಿಡದೆಯೇ ಅಳತೊಡಗಿದರು. ಜೋರು ಬಾಯಿಯ ಆ ಹೆಂಗಸು ಹಾಗೆ ಸದ್ದಿಲ್ಲದೆ ಅತ್ತಿದ್ದನ್ನು ಅವಳು ನೋಡಿದ್ದು ಅದೇ ಮೊದಲು.

ಅದೇ ಪಟವನ್ನು ಅವನ ಕೈಗಿಟ್ಟಳು. ಅವನು ಅದೇ ನಗು ನಕ್ಕ, ಅದೇ ಮಾತು ಹೇಳಿದ. ಈ ಸಲ ಪಟ ಅಡ್ಡವಾಗಿತ್ತು.

ಕಾರಣ ತಿಳಿದದ್ದು ಕೆಲವು ದಿನ ಕಳೆದ ಮೇಲೆ, ಒಂದು ಮಧ್ಯಾಹ್ನ. ಉದ್ದ ಲಂಗವೊಂದರ ಅಂಚಿಗೆ ಅವಳು ಗುಂಡುಸೂಜಿ ಚುಚ್ಚುತ್ತಿದ್ದಳು. ಬಟ್ಟೆಯ ಇನ್ನೊಂದು ತುದಿ ಹಿಡಿದು ಕೂರುವುದು ಅವನ ಕೆಲಸ. ಹಿಂದೊಮ್ಮೆ ಸ್ಟುಡಿಯೋಗೆ ಅವಳಿ ಅಣ್ಣತಮ್ಮಂದಿರು ಬಂದು, ಒಬ್ಬನೇ ಎರಡು ಸಲ ಕೂತು, ಇಬ್ಬರ ಫೋಟೋ ತೆಗೆಸಿಕೊಂಡು ಹೋದ ಕತೆಯನ್ನು ಹೇಳುತ್ತಿದ್ದ. ಎಷ್ಟೋ ಸಲ ಹೇಳಿದ ಕತೆ. ಅವಳು ಹೂಂಗುಟ್ಟುತ್ತ ತಲೆಯೆತ್ತಿದಾಗ ಅವನ ತೋರುಬೆರಳಿನ ತುದಿಯಲ್ಲಿ ಏನೋ ಮಿನುಗಿತು. ಗುಂಡುಸೂಜಿಯ ತಲೆ. ಸೂಜಿ ಬೆರಳಿನ ಮಾಂಸದೊಳಗೆ ಅರ್ಧದಷ್ಟು ಇಳಿದಿತ್ತು. ಒಂದು ಹನಿ ರಕ್ತ ಲಂಗದ ಮೇಲೆ ಬಿದ್ದಿತ್ತು. ಅವನು ಕತೆಯ ಕೊನೆಗೆ ಬಂದು ಜೋರಾಗಿ ನಗುತ್ತಿದ್ದ.

"ಬೆರಳು" ಎಂದಳು ಅವಳು.

"ಏನು ಬೆರಳು?"

"ನೋವಾಗ್ತಾ ಇಲ್ವಾ?"

ಅವನ ನಗು ನಿಂತಿತು. ಎಡಗೈಯಿಂದ ಬಲಗೈ ತಡವಿದ. ತಡವಿದರೂ ಸೂಜಿ ಎಲ್ಲಿದೆ ಎಂದು ಅವನಿಗೆ ತಿಳಿಯಲಿಲ್ಲ. ಅವಳೇ ಕೀಳಬೇಕಾಯಿತು.

"ಎಂದಿನಿಂದ?"

"ಮೊದಲು ಕಾಲು ಕಣೇ. ಚಪ್ಪಲಿ ಕಳಚಿ ಹೋದ್ರೂ ಗೊತ್ತಾಗ್ತಿರಲಿಲ್ಲ. ಬೆರಳು ಆಮೇಲೆ ಶುರುವಾಯ್ತು. ನೀನು ಮೇಷ್ಟ್ರ ಹತ್ರ ಹೋಗೋಕೆ ಶುರು ಮಾಡಿದಾಗ ಚೆನ್ನಾಗೇ ಇತ್ತು. ಬಟ್ಟೆ ಮುಟ್ಟಿ ನೂಲು ಯಾವುದು, ರೇಷ್ಮೆ ಯಾವುದು ಹೇಳ್ತಿರಲಿಲ್ವಾ ನಾನು? ಆಮೇಲೆ ಒಂದೊಂದೇ ಬೆರಳು..."

"ಡಾಕ್ಟರಿಗೆ?"

"ಹೇಳಿದ್ದೆ. ನೀನು ಮಾತ್ರೆ ತರೋಕೆ ಹೊರಗೆ ಹೋದಾಗ."

"ಏನಂದ್ರು?"

"ಕಣ್ಣಿಗೆ ಅಂದಿದ್ದನ್ನೇ ಅಂದ್ರು. ಇರೋದನ್ನ ಉಳಿಸಿಕೊಳ್ಳೋಣ ಅಂತ."

ಅವಳು ಲಂಗವನ್ನು ಅತ್ತ ಎಸೆದಳು. "ನನಗ್ಯಾಕೆ ಹೇಳ್ಲಿಲ್ಲ? ಎಷ್ಟು ದಿನ ಆ ಕೆಸರಲ್ಲಿ ಕೈ ಆಡಿಸಿದೆ ನಾನು! ಯಾರಿಗೋಸ್ಕರ?"

"ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ."

"ನಿಲ್ಲಿಸ್ಬೇಕಿತ್ತು!"

"ನೀನು ನಿಲ್ಲಿಸಿದ್ರೆ ನನಗೆ ಏನು ಉಳೀತಿತ್ತು ಹೇಳು?" ಎಂದ ಅವನು ಮೆಲ್ಲಗೆ. "ನೀನು ಬಂದು ಅಂಟು ಹೀಗಾಯ್ತು, ನೀರು ಹಾಗಾಯ್ತು ಅಂತಿದ್ರೆ ನಾನೇ ಕತ್ತಲೆಕೋಣೇಲಿ ನಿಂತ ಹಾಗಿರ್ತಿತ್ತು. ನಿನ್ನ ಕೈಯಿಂದ ಆ ವಾಸನೆ ಬರ್ತಿತ್ತು. ಅಷ್ಟಕ್ಕೇ ಕಾಯ್ತಿದ್ದೆ ಕಣೇ ವಾರವೆಲ್ಲ."

ಅವಳಿಗೆ ಸಿಟ್ಟು ಇಳಿಯಲಿಲ್ಲ. ಮಾತಿಲ್ಲದೆ ಚಹಾ ಕೊಟ್ಟಳು, ಮಾತಿಲ್ಲದೆ ಮಾತ್ರೆ ಕೊಟ್ಟಳು. ಹೊಲಿಗೆ ಯಂತ್ರವನ್ನು ಬೇಕೆಂದೇ ಜೋರಾಗಿ ತುಳಿದಳು. ಬೈಯಲು ಬಂದ ಅತ್ತಿಗೆಗೆ ಎಲ್ಲ ತಿಳಿದ ಮೇಲೆ ತಮ್ಮನನ್ನು ಬೈಯಲಾಗಲಿಲ್ಲ. ಹೊರಡುವಾಗ ಬಾಗಿಲಲ್ಲಿ ಅವಳ ಭುಜದ ಮೇಲೆ ಕೈಯಿಟ್ಟು, "ಸಿಟ್ಟು ಮಾಡ್ಕೋ, ಯಾರು ಬೇಡ ಅಂದ್ರು? ಆದ್ರೆ ಯಾರ ಮೇಲೆ ಅಂತ ಮೊದಲು ಗೊತ್ತು ಮಾಡ್ಕೋ" ಎಂದರು. ಅವಳು ಬಹಳ ಯೋಚಿಸಿದಳು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಮೇಷ್ಟ್ರ ಹತ್ತಿರ ಹೋಗಿ, ಇನ್ನೂ ಎತ್ತರ ಮಾಡಬಹುದೇ, ಕಲ್ಲಿನ ಮೇಲೆ ಕೆತ್ತಿದ ಹಾಗೆ ಮಾಡಬಹುದೇ ಎಂದು ಕೇಳಿದಳು. ಅವರು ತಮ್ಮ ಒಡೆದ ಕೈಗಳನ್ನೇ ನೋಡುತ್ತ ಕೂತರು.

"ಪಟವನ್ನ ಎತ್ತರ ಮಾಡೋ ದಾರಿ ಇನ್ನೂ ಒಂದೆರಡಿವೆ ತಾಯಿ. ಬೆರಳಿಗೆ ನಾನೇನು ಮಾಡ್ಲಿ?"

ಆದರೂ ಅವಳ ಮನಸ್ಸು ಕೇಳಲಿಲ್ಲ. ಒಂದು ಬೆಳಿಗ್ಗೆ ಸಿಟ್ಟನ್ನು ಬದಿಗಿಟ್ಟು ಅವನ ಎದುರು ಕೂತು, "ಬಾಯಿ ಮುಚ್ಚಿ, ಅಲ್ಲಾಡಬೇಡಿ" ಎಂದು ಪಟದ ಶಾಲಿನ ಅಂಚನ್ನು ಅವನ ಕೆಳತುಟಿಗೆ ತಾಗಿಸಿ ಮೆಲ್ಲಗೆ ಎಳೆದಳು. ಅವನು ಬೆಚ್ಚಿದ.

"ಏರಿತು" ಎಂದ. "ಈಗ ಇಳೀತು. ಮತ್ತೆ ಏರಿತು."

"ಅದು ಹುಬ್ಬು ರೀ! ಈಗ ಕಣ್ಣು ಬರತ್ತೆ ನೋಡಿ."

ಅವಳು ಇಡೀ ಮುಖವನ್ನು ತುಟಿಯ ಮೇಲೆ ಹಾಯಿಸಿದಳು. ಅವನು ಏರಿತು, ಇಳೀತು ಎನ್ನುತ್ತ ಹೋದ. ಕೊನೆಗೆ ತಲೆಯಾಡಿಸಿದ. "ಏರಿಳಿತ ಎಲ್ಲ ಸಿಗತ್ತೆ ಕಣೇ. ಮುಖ ಆಗ್ತಾ ಇಲ್ಲ. ಊರು ಗೊತ್ತಿಲ್ಲದ ದಾರೀಲಿ ಬಸ್ಸಲ್ಲಿ ಕೂತ ಹಾಗಿದೆ."

ಅವಳು ಪಟ ಕೆಳಗಿಟ್ಟಳು. ಹೊರಗೆ ಯಾರೋ ಬಂದು ಟೈಲರಮ್ಮಾ ಎಂದು ಕೂಗಿ, ಉತ್ತರ ಸಿಗದೆ ಹೋದರು.

"ನೀನು ಹೇಳು" ಎಂದ ಅವನು. "ನಿನ್ನಷ್ಟು ಸಲ ಆ ಮುಖ ಯಾರು ನೋಡಿದಾರೆ? ನೋಡಿಕೊಂಡು ಹೇಳು."

ಅವಳು ಪಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳತೊಡಗಿದಳು. ಹಣೆ ಅಗಲ. ಒಂದು ಹುಬ್ಬು ಇನ್ನೊಂದಕ್ಕಿಂತ ಸ್ವಲ್ಪ ಮೇಲೆ. ಬಲಗಣ್ಣಿನ ಕೆಳಗೆ ಸಣ್ಣ ಗೀರು.

"ಅದು ಗೀರಲ್ಲ, ನೆಗೆಟಿವ್ ಮೇಲೆ ನನ್ನ ಉಗುರು ತಾಗಿದ್ದು. ಯಜಮಾನರು ಬೈದಿದ್ರು. ಮುಂದೆ?"

ಮೂಗು ನೀಳ. ತುಟಿ ಬಿಗಿದಿದ್ದಾರೆ, ನಗು ತಡೆದ ಹಾಗೆ. ಗದ್ದ ಕೆಳಗೇ ಇದೆ. ಅವಳು ನಿಧಾನವಾಗಿ, ಯಾವುದನ್ನೂ ಬಿಡದೆ ಹೇಳಿದಳು. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಆ ಕಣ್ಣುಗಳನ್ನು ಮುಚ್ಚುವ ಅಗತ್ಯವೇ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈಯೆತ್ತಿ "ಸಾಕು" ಎಂದ.

"ಬಂತಾ?"

"ಇಲ್ಲ ಕಣೇ. ನೀನು ಹೇಳ್ತಾ ಹೋದ ಹಾಗೆ ನಿನ್ನ ಮುಖವೇ ಬರ್ತಾ ಇದೆ. ಮೂಗು ನೀಳ ಅಂದೆ, ನಿನ್ನ ಮೂಗು ಬಂತು. ಇನ್ನು ಹೇಳಿದ್ರೆ ಅಮ್ಮ ಇದ್ದ ಜಾಗದಲ್ಲಿ ನೀನೇ ಕೂತುಬಿಡ್ತೀಯ."

ಮತ್ತೆ ಅವನು ಆ ಮಾತು ಎತ್ತಲಿಲ್ಲ. ಪಟವನ್ನು ಅತ್ತಿಗೆ ಒಯ್ದರು. ಗಾಜು ಹಾಕಿಸದೆ ತಮ್ಮ ಹಾಸಿಗೆಯ ಪಕ್ಕದ ಗೋಡೆಗೆ ತೂಗುಹಾಕಿಕೊಂಡಿದ್ದಾರೆ, ಬೇಕೆನಿಸಿದಾಗ ಮುಟ್ಟುತ್ತಾರೆ. ಮೇಷ್ಟ್ರ ಕೋಣೆಗೆ ಅವಳು ಹೋಗುವುದು ನಿಂತುಹೋಯಿತು. ಒಂದು ಸಲ ಅವರು ಯಾರ ಕೈಯಲ್ಲೋ ಹೇಳಿ ಕಳಿಸಿದ್ದರು, ಕರಿಹಾಳೆ ಮೂರು ಉಳಿದಿವೆ, ಬನ್ನಿ ಎಂದು. ಹೋಗಬೇಕು ಎಂದುಕೊಂಡಳು. ಹೋಗಲಿಲ್ಲ.

ಈಗ ಅವಳಿಗೆ ಬೇರೆ ಕೆಲಸವಿದೆ. ನೋವೇ ತಿಳಿಯದ ಕಾಲಿಗೆ ಗಾಯವಾದರೆ ಅಪಾಯ, ದಿನಾ ನೋಡುತ್ತಿರಬೇಕು ಎಂದು ಡಾಕ್ಟರು ಹೇಳಿದ್ದಾರೆ. ಸಂಜೆ ಬೆಳಕು ಇಳಿಯುವ ಮುಂಚೆ ಅವನನ್ನು ಕಿಟಕಿಯ ಬಳಿ ಕೂರಿಸಿ, ಪಾದಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದಿ ಬಿಡಿಸಿ ಬಿಡಿಸಿ ನೋಡುತ್ತಾಳೆ.

"ಏನಾದ್ರೂ ಇದ್ಯಾ?" ಎನ್ನುತ್ತಾನೆ ಅವನು.

"ಏನೂ ಇಲ್ಲ."

"ಗದ್ದ ಮೇಲೆತ್ತಿ ನೋಡು" ಎಂದು ನಗಿಸುತ್ತಾನೆ.

ಮೊನ್ನೆ ಬಲ ಹಿಮ್ಮಡಿಯಲ್ಲಿ ಒಂದು ಬಿರುಕು ಕಂಡಿತು. ಅಂಚು ಕಪ್ಪಾಗಿತ್ತು. ಹಿಂದಿನ ದಿನ ಇರಲಿಲ್ಲವೋ, ಇದ್ದು ತಾನೇ ನೋಡಲಿಲ್ಲವೋ, ಅವಳಿಗೆ ನೆನಪಾಗಲಿಲ್ಲ. ಬೆರಳಿನಿಂದ ಒತ್ತಿ ನೋಡಿದಳು. ಅವನು ಹಾಯಾಗಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ.

"ಏನಾದ್ರೂ ಇದ್ಯಾ?"

"ಏನೂ ಇಲ್ಲ ರೀ" ಎಂದಳು ಅವಳು. "ಸ್ವಲ್ಪ ಧೂಳು. ಬಿಸಿನೀರು ತಂದು ತೊಳೀತೀನಿ, ಇರಿ. ಹಾಂ, ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗೋಣ. ಮಾತ್ರೆ ಮುಗೀತಾ ಬಂದಿದೆ."

ಮಾತ್ರೆ ಇನ್ನೂ ಬೇಕಾದಷ್ಟಿತ್ತು. ಡಬ್ಬಿ ಅವನ ಕುರ್ಚಿಯ ಪಕ್ಕದಲ್ಲೇ ಇತ್ತು. ಬೇಕಿದ್ದರೆ ಕೈಚಾಚಿ ಎತ್ತಿ ಅಲ್ಲಾಡಿಸಿ ಕೇಳಬಹುದಿತ್ತು. ಅವನು ಕೈ ಚಾಚಲಿಲ್ಲ.

"ಆಯ್ತು, ಹೋಗೋಣ" ಎಂದ.

ಅವಳು ಅವನ ಪಾದವನ್ನು ಮಡಿಚಿದ ಬಟ್ಟೆಯ ಮೇಲೆ ಮೆಲ್ಲಗೆ ಇಳಿಸಿ, ನೀರು ಕಾಯಿಸಲು ಒಳಗೆ ಹೋದಳು.